ಇಂಗ್ಲಿಷು ಯಾವ ದೊರೆಯ ಸೊತ್ತು?

ಇಂಗ್ಲಿಷ್ ಅಂದ್ರೆ ದೊರೆಗಳ ಭಾಷೆ, ಅದು ನಮ್ಮಂಥೋರ ನಾಲಿಗೆಗೆ ಹೊರಳೋದಲ್ಲ ಎಂದು ಕೇರಿಯ ಹುಡುಗರು ಈಗಲೂ ಹಿಂಜರಿಯುತ್ತಾರೆ. ಹಾಗೆ ಹೆದರಿಸಿದವರು ಅದರ ಪೂರ್ವೋತ್ತರ ಹೇಳಲಿಲ್ಲ. ಗೆಳೆಯರೇ, ಇಂಗ್ಲೆಂಡಿನಲ್ಲೇ ಸುಮಾರು ಮುನ್ನೂರು ವರ್ಷ ಇಂಗ್ಲಿಷು ದೊರೆಗಳ ಭಾಷೆಯಾಗಿರಲಿಲ್ಲ.

ಐದನೇ ಶತಮಾನದಲ್ಲಿ ಈಗಿನ ಜರ್ಮನಿ, ಡೆನ್ಮಾರ್ಕ್ ಕಡೆಯಿಂದ ಆಂಗಲ್, ಸ್ಯಾಕ್ಸನ್, ಜೂಟ್ ಎಂಬ ಬುಡಕಟ್ಟಿನವರು ದೋಣಿ ಹತ್ತಿ ಬ್ರಿಟನ್ನಿಗೆ ಬಂದರು. ಅವರ ಆಡುಮಾತೇ ಇಂಗ್ಲಿಷಿನ ಬೇರು. ಆಮೇಲೆ ಬಂದ ವೈಕಿಂಗರಿಂದ 'ದೇ', 'ದೆಮ್' ಎಂಬ ಸರ್ವನಾಮಗಳನ್ನೂ ಅದು ಪಡೆಯಿತು. ಮಡಿಭಾಷೆ ಅನ್ನೋದೇ ಸುಳ್ಳು.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅಲ್ಲಿಂದ ಅರಮನೆಗೆ, ನ್ಯಾಯಸ್ಥಾನಕ್ಕೆ ಫ್ರೆಂಚು, ಚರ್ಚಿಗೆ ಲ್ಯಾಟಿನ್. ಇಂಗ್ಲಿಷು ಉಳಿದದ್ದು ನೇಗಿಲು ಹಿಡಿದವನ, ಹಂದಿ ಕಾಯುವವನ ಬಾಯಲ್ಲಿ. ಆ ಗುರುತು ಇನ್ನೂ ಅಳಿಸಿಲ್ಲ. ಕೊಟ್ಟಿಗೆಯಲ್ಲಿದ್ದರೆ 'ಕೌ', ತಟ್ಟೆಗೆ ಬಂದರೆ 'ಬೀಫ್'. ಮೊದಲನೆಯದು ಇಂಗ್ಲಿಷಿನದೇ, ಎರಡನೆಯದು ಫ್ರೆಂಚಿನಿಂದ ಬಂದದ್ದು. 'ಶೀಪ್' ಹೋಗಿ 'ಮಟನ್' ಆಗಿದ್ದೂ ಹಾಗೇ. ಮೇಯಿಸಿದವನ ಮಾತು ಒಂದು, ತಿಂದ ಧಣಿಯ ಮಾತು ಇನ್ನೊಂದು. (ನಮ್ಮಲ್ಲಿ ಮೇಯಿಸೋರೂ ನಾವೇ, ತಿಂದು ಬೈಸಿಕೊಳ್ಳೋರೂ ನಾವೇ. ಅದು ಬೇರೆ ಮಾತು.)

ಫಿರ್ಯಾದು ಜನಕ್ಕೆ ಅರ್ಥವಾಗುತ್ತಿಲ್ಲ ಅಂತ 1362ರಲ್ಲಿ ಕೋರ್ಟಿನ ವಾದ ಇಂಗ್ಲಿಷಿನಲ್ಲೇ ನಡೀಬೇಕೆಂದು ಕಾನೂನು ಮಾಡಿದರು. ತಮಾಷೆ ನೋಡಿ, ಆ ಕಾನೂನನ್ನು ಬರೆದದ್ದು ಫ್ರೆಂಚಿನಲ್ಲಿ!

ದೇವರ ಮಾತನ್ನು ಮಾತ್ರ ಪಾದ್ರಿಗಳು ಬಿಟ್ಟುಕೊಡಲಿಲ್ಲ. ವಿಲಿಯಂ ಟಿಂಡೇಲ್ ಎಂಬಾತ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದ, 1526ರಲ್ಲಿ ಜರ್ಮನಿಯಲ್ಲಿ ಅಚ್ಚು ಹಾಕಿಸಿದ. ಪುಸ್ತಕ ಕದ್ದುಮುಚ್ಚಿ ಇಂಗ್ಲೆಂಡ್ ಸೇರಿತು. 1536ರಲ್ಲಿ ಅವನ ಕತ್ತು ಹಿಸುಕಿ ಸುಟ್ಟರು. ಕಾದ ಸೀಸದ ಕತೆ ಕೇಳಿ ಬೆಳೆದ ನಮಗೆ ಇದೇನೂ ಹೊಸದಲ್ಲ. 1611ರಲ್ಲಿ ರಾಜನ ಅಪ್ಪಣೆಯಿಂದ ಬಂದ ಬೈಬಲ್ಲಿನಲ್ಲಿ ಬಹುಪಾಲು ಅದೇ ಟಿಂಡೇಲನ ಮಾತುಗಳು.

ಹಾಗಂತ ಇಂಗ್ಲಿಷಿಗೆ ಹಾರ ಹಾಕಬೇಕಾಗಿಲ್ಲ. ತುಳಿಸಿಕೊಂಡ ಭಾಷೆ ಅಧಿಕಾರ ಸಿಕ್ಕಮೇಲೆ ತಾನೇ ತುಳಿಯಿತು. ಹತ್ತೊಂಬತ್ತನೇ ಶತಮಾನದಲ್ಲಿ ವೇಲ್ಸಿನ ಕೆಲವು ಶಾಲೆಗಳಲ್ಲಿ ತಾಯಿನುಡಿ ಆಡಿದ ಮಕ್ಕಳ ಕೊರಳಿಗೆ ಮರದ ತುಂಡು ಕಟ್ಟುತ್ತಿದ್ದರು.

ನಮ್ಮ ಪಕ್ಕದ ತಮಿಳುನಾಡಿನ ಪರೈಯರ ಹೆಸರಿಗೆ ಏನಾಯ್ತು? ಪರೈ ಅಂದರೆ ತಮಟೆ. ಆ ಜನರ ಹೆಸರನ್ನು ಇಂಗ್ಲಿಷು ಎತ್ತಿಕೊಂಡು 'ಪರಾಯ' ಮಾಡಿತು, ಅದಕ್ಕೆ ಎಲ್ಲರೂ ಹೊರದಬ್ಬಿದವನು ಎಂಬ ಅರ್ಥ ಕಟ್ಟಿತು. ಇವತ್ತಿಗೂ ಲೋಕ ದೂರವಿಟ್ಟ ದೇಶವನ್ನು ಪತ್ರಿಕೆಯವರು 'ಪರಾಯ ಸ್ಟೇಟ್' ಅಂತ ಬರೀತಾರೆ. ಇದು ಬದುಕಿರೋ ಜನರ ಹೆಸರು ಅನ್ನೋದು ಬರೆಯುವವನಿಗೆ ಹೊಳೆಯೋದೂ ಇಲ್ಲ.

ನಮ್ಮ ಹುಡುಗರು ಇಂಗ್ಲಿಷು ಕಲೀಬೇಕು ಅನ್ನೋದು ಗುಮಾಸ್ತೆ ಕೆಲಸಕ್ಕೆ ಮಾತ್ರ ಅಲ್ಲ. ಹಾಗೆ ಬರೆಯುವವನನ್ನು ಅವನ ಮಾತಿನಲ್ಲೇ ನಿಲ್ಲಿಸಿ ಕೇಳೋರು ಬೇಕು: ಯಾರ ಹೆಸರನ್ನಪ್ಪಾ ನೀನು ಬೈಗುಳ ಮಾಡ್ಕೊಂಡಿರೋದು?