ವರ್ಷಕ್ಕೊಂದು ಪೆಟ್ ಸ್ಕ್ಯಾನ್ ಬೇಕೆನ್ನುವವರಿಗೆ

ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಪ್ರತಿ ಹೆಂಗಸಿಗೂ ವರ್ಷಕ್ಕೊಮ್ಮೆ ಇಡೀ ಮೈಯ ಪೆಟ್-ಸಿಟಿ ಸ್ಕ್ಯಾನ್ ಆಗಲೇಬೇಕು, ಬೇಡವೆನ್ನುವ ವೈದ್ಯರು ಹೊಣೆಗೇಡಿಗಳು ಎನ್ನುವವರಿದ್ದಾರೆ. ಹೀಗೆನ್ನುವವರು ಹೆಚ್ಚಾಗಿ ಆಕೆಯ ಗಂಡ, ಮಕ್ಕಳು, ಅಕ್ಕತಂಗಿಯರು. ಅವರ ಭಯವನ್ನು ನಾನು ಗೌರವಿಸುತ್ತೇನೆ. ಅವರ ನಾಲ್ಕು ವಾದಗಳನ್ನು ಮಾತ್ರ ಒಪ್ಪಲಾರೆ.

ಒಂದು: "ಬೇಗ ಕಂಡುಹಿಡಿದರೆ ಜೀವ ಉಳಿಯುತ್ತದೆ."

ಅದೇ ಸ್ತನದಲ್ಲಿ ಮರುಕಳಿಸಿದ ಅಥವಾ ಇನ್ನೊಂದರಲ್ಲಿ ಹೊಸದಾಗಿ ಹುಟ್ಟಿದ ಗಂಟಿನ ಮಟ್ಟಿಗೆ ಈ ಮಾತು ಸರಿ. ಮ್ಯಾಮೊಗ್ರಾಂ ಇರುವುದೇ ಅದಕ್ಕೆ. ಎಲುಬಿಗೆ, ಯಕೃತ್ತಿಗೆ, ಶ್ವಾಸಕೋಶಕ್ಕೆ ಹರಡಿದ ಕಾಯಿಲೆಯ ಸಂಗತಿ ಬೇರೆ. ಇಟಲಿಯ ಎರಡು ಪ್ರಯೋಗಗಳ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಒಂದೊಂದರಲ್ಲೂ 1,200ಕ್ಕಿಂತ ಹೆಚ್ಚು ಮಹಿಳೆಯರಿದ್ದರು. ಅರ್ಧದಷ್ಟು ಜನರಿಗೆ ವೈದ್ಯರ ತಪಾಸಣೆ ಮತ್ತು ಮ್ಯಾಮೊಗ್ರಾಂ. ಉಳಿದವರಿಗೆ ಅದರ ಮೇಲೆ ಎದೆಯ ಎಕ್ಸ್‌ರೇ, ಬೋನ್ ಸ್ಕ್ಯಾನ್‌ಗಳು. ಒಂದು ಪ್ರಯೋಗದಲ್ಲಿ ಹರಡಿದ ಕಾಯಿಲೆ ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಮೊದಲೇ ಕಂಡಿತು. ಹಾಗಿದ್ದೂ ಸಾವಿನ ಪ್ರಮಾಣ ತಗ್ಗಲಿಲ್ಲ. ಹತ್ತು ವರ್ಷ ಕಳೆದ ಮೇಲೂ ತಗ್ಗಿರಲಿಲ್ಲ. ಕೆಟ್ಟ ಸುದ್ದಿ ಮುಂಚೆ ತಿಳಿಯಿತು, ಆಯಸ್ಸು ಹೆಚ್ಚಲಿಲ್ಲ.

ಎರಡು: "ಅದೆಲ್ಲ ಹಳೇ ಲೆಕ್ಕ. ಈಗ ಪೆಟ್ ಇದೆ, ಹೊಸ ಔಷಧಗಳಿವೆ."

ನಾಲ್ಕರಲ್ಲಿ ಗಟ್ಟಿ ವಾದ ಇದೇ. ಹೊಸ ಔಷಧಗಳಿಂದ ಕಾಯಿಲೆ ಹರಡಿದವರೂ ಹೆಚ್ಚು ಕಾಲ ಬದುಕುತ್ತಿದ್ದಾರೆ. ಆದರೆ ಆ ಔಷಧಗಳು ನೋವು, ಕೆಮ್ಮು ಕಾಣಿಸಿದ ಮೇಲೆ ಕೊಟ್ಟರೂ ಕೆಲಸ ಮಾಡುತ್ತವೆ. ಲಕ್ಷಣಕ್ಕೆ ಮೊದಲೇ ಕೊಟ್ಟರೆ ಲಾಭ ಹೆಚ್ಚೇ ಎಂಬುದನ್ನು ಪ್ರಯೋಗವೇ ಹೇಳಬೇಕು. ಜರ್ಮನಿಯಲ್ಲಿ 'ಸರ್ವೈವ್' ಎಂಬ ಪ್ರಯೋಗ ರಕ್ತಪರೀಕ್ಷೆಗಳ ಮೂಲಕ ಇದನ್ನೇ ಒರೆಗೆ ಹಚ್ಚುತ್ತಿದೆ. ಅದರ ಫಲಿತಾಂಶ ಮೊದಲೇ ಹುಡುಕುವುದರ ಪರ ಬಂದರೆ ನನ್ನ ನಿಲುವು ಬದಲಿಸುತ್ತೇನೆ. ಬರುವ ಮೊದಲೇ ಬಂದಂತೆ ನಡೆದುಕೊಳ್ಳುವುದು ಸರಿಯಲ್ಲ.

ಮೂರು: "ಮಾಡಿಸಿದರೆ ನಷ್ಟವೇನು? ಮನಸ್ಸಿಗಾದರೂ ಸಮಾಧಾನ."

ನಷ್ಟವಿದೆ. ಸಕ್ಕರೆಯನ್ನು ಹೆಚ್ಚಾಗಿ ಹೀರುವ ಜಾಗಗಳೆಲ್ಲ ಪೆಟ್‌ನಲ್ಲಿ ಹೊಳೆಯುತ್ತವೆ. ಕ್ಯಾನ್ಸರಿನಂತೆಯೇ ಕ್ಷಯದ ಗ್ರಂಥಿ, ಸಾಮಾನ್ಯ ಸೋಂಕು ಕೂಡ ಹೊಳೆಯುತ್ತವೆ. ಕ್ಷಯ ಇಷ್ಟು ವ್ಯಾಪಕವಾಗಿರುವ ನಮ್ಮಲ್ಲಿ ಇದು ಸಣ್ಣ ಮಾತಲ್ಲ. ಹೊಳೆದ ಮೇಲೆ ಬಯಾಪ್ಸಿ. ವರದಿ ಬರುವತನಕ ಮನೆಮಂದಿಗೆಲ್ಲ ನಿದ್ದೆಯಿಲ್ಲ. ವಿಕಿರಣವೂ ಒಂದು ಮ್ಯಾಮೊಗ್ರಾಂನ ಇಪ್ಪತ್ತು ಪಟ್ಟಿಗಿಂತ ಹೆಚ್ಚು. ಏನೂ ಕಾಣದಿದ್ದರೂ ಆ ವರದಿ ಅವತ್ತಿನ ಮಟ್ಟಿಗಷ್ಟೇ. ಮುಂದಿನ ತಿಂಗಳಿಗೆ ಖಾತರಿಯಲ್ಲ.

ನಾಲ್ಕು: "ಬಡವರ ಮೇಲೆ ಖರ್ಚು ಮಾಡಲು ಮನಸ್ಸಿಲ್ಲ, ಅದಕ್ಕೇ ಬೇಡ ಅನ್ನುತ್ತಾರೆ."

ಶ್ರೀಮಂತ ಅಮೆರಿಕದ ಕ್ಯಾನ್ಸರ್ ಸಂಸ್ಥೆಗಳು 2016ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಲಕ್ಷಣವಿಲ್ಲದವರಿಗೆ ಮೈಯ ಸ್ಕ್ಯಾನ್ ಬೇಡ, ಉಳಿದ ಸ್ತನಕ್ಕೆ ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಬೇಕು. ಬಡವರಿಗೆ ನಿಜವಾದ ಅನ್ಯಾಯ ಆಗುತ್ತಿರುವುದು ಈ ಮ್ಯಾಮೊಗ್ರಾಂನಂಥ ಬೇಕಾದ ಆರೈಕೆಯಲ್ಲಿ. ಒಂದು ಸ್ತನ ತೆಗೆದಾಯಿತಲ್ಲ, ಇನ್ನೇನು ಪರೀಕ್ಷೆ ಎಂದು ಆಕೆಯನ್ನು ಮನೆಯಲ್ಲೇ ಉಳಿಸುತ್ತಾರೆ. ಯಂತ್ರವಿರುವ ಊರಿಗೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ. ಹಾರ್ಮೋನಿನಿಂದ ಬೆಳೆಯುವ ಬಗೆಯ ಕ್ಯಾನ್ಸರ್ ಇದ್ದವರು ಐದರಿಂದ ಹತ್ತು ವರ್ಷ ನುಂಗಬೇಕಾದ ಟಮಾಕ್ಸಿಫೆನ್ ಮಾತ್ರೆ ನಡುವೆಯೇ ನಿಂತುಹೋಗುತ್ತದೆ. ಜೀವ ಉಳಿಸುತ್ತದೆಂದು ಸಾಬೀತಾದ ಮಾತ್ರೆ ಅದು. ಪೆಟ್‌ಗೆ ಸಾಲ ಮಾಡುವ ಮನೆಯವರು ಆ ಹಣವನ್ನು ಮ್ಯಾಮೊಗ್ರಾಂಗೆ, ಮಾತ್ರೆಗೆ, ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ವೈದ್ಯರಲ್ಲಿಗೆ ಹೋಗುವ ಬಸ್ಸಿಗೆ ಇಡಲಿ.

ನಾನು ಸ್ಕ್ಯಾನಿನ ವಿರೋಧಿಯಲ್ಲ. ವಾರಗಳಾದರೂ ಬಿಡದ ಎಲುಬು ನೋವು, ಏದುಸಿರು, ಕಾಮಾಲೆ, ಹೊಸದಾಗಿ ಶುರುವಾದ ತಲೆನೋವು, ಕಂಕುಳಲ್ಲಿ ಗಂಟು: ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಾರೀಕಿಗೆ ಕಾಯಬೇಡಿ, ಕೂಡಲೇ ಹೋಗಿ. ಆಗಲೂ ಪರೀಕ್ಷೆ ಬೇಡವೆಂದು ವಾಪಸು ಕಳಿಸುವ ವೈದ್ಯರಿದ್ದರೆ, ಅವರ ವಿರುದ್ಧ ನಾನು ನಿಮ್ಮ ಜೊತೆ ನಿಲ್ಲುತ್ತೇನೆ.