ಸೊನ್ನೆಗೆ ಬರದ ಲೆಕ್ಕ

ಪುಣೆಯ ಸಿ-ಡ್ಯಾಕ್ 1991ರಲ್ಲಿ ಪರಮ್ 8000 ಸೂಪರ್‌ಕಂಪ್ಯೂಟರನ್ನು ಹೊರತಂದಾಗ ದೊಡ್ಡ ಸುದ್ದಿಯಾಗಿತ್ತು. ಅದೇ ಸಂಸ್ಥೆಯ ಪರಮ್ ಸಿದ್ಧಿ-ಎಐ 2020ರ ನವೆಂಬರಿನಲ್ಲಿ ಜಗತ್ತಿನ 500 ಅತಿವೇಗದ ಯಂತ್ರಗಳ ಪಟ್ಟಿಯಲ್ಲಿ 63ನೆಯದಾದಾಗಲೂ ಅಷ್ಟೇ. ಆ ಪಟ್ಟಿಯ ಉಳಿದೆಲ್ಲ ಯಂತ್ರಗಳ ಹಾಗೆ ಅದೂ ನಡೆಯುವುದು ಲಿನಕ್ಸ್ ಮೇಲೆ. ಆ ಲಿನಕ್ಸಿನ ಹೊಟ್ಟೆಯೊಳಗೆ ಬೈಟುಗಳ ಕಿರ್ದಿ ಬರೆಯುವ ಕೆಲಸವೊಂದಿದೆ, ಅದು ಸುದ್ದಿಯಾಗುವುದಿಲ್ಲ. (ಕಿರ್ದಿ ಎಂಬ ಮಾತು ಧಾರವಾಡದ ಅಂಗಡಿಗೂ ಪುಣೆಯ ಪೇಠೆಗೂ ಒಂದೇ.)

ನೆಟ್‌ವರ್ಕಿನಿಂದ ಬಂದ ಪ್ಯಾಕೆಟ್ ಯಾವುದಾದರೊಂದು ಸಾಕೆಟ್ಟಿನ ಖಾತೆಗೆ ಖರ್ಚು ಬೀಳಬೇಕು. ಎಷ್ಟು? ಒಳಗಿರುವ ಮಾಹಿತಿಯಷ್ಟಲ್ಲ, ಅದು ಹಿಡಿದ ಮೆಮೊರಿಯಷ್ಟು. ಒಂದೇ ಬೈಟ್ ಹೊತ್ತು ಬಂದದ್ದಕ್ಕೂ ಕರ್ನಲ್ ನೂರಾರು ಬೈಟು ಎತ್ತಿಡಬೇಕಾಗುತ್ತದೆ. ಬೆಂಕಿಪೊಟ್ಟಣಕ್ಕೂ ಗೋಣಿಚೀಲವೇ ಬೇಕು, ಬಾಡಿಗೆ ಚೀಲದ್ದು. ಈ ಚೀಲದ ಅಳತೆಗೆ ಅಲ್ಲಿ ಟ್ರೂಸೈಜ್ ಎನ್ನುತ್ತಾರೆ. ಪೊಟ್ಟಣವನ್ನಷ್ಟೇ ಎಣಿಸಿದರೆ ಯಾರೋ ಪುಡಿ ಪ್ಯಾಕೆಟ್‌ಗಳನ್ನು ಸುರಿದು ಮೆಮೊರಿ ತುಂಬಿಸಿಯಾರು, ಪುಸ್ತಕದಲ್ಲಿ ಮಾತ್ರ ಉಗ್ರಾಣ ಖಾಲಿ. ಖರ್ಚು ಹಾಕಿದ್ದನ್ನು ಮರಳಿ ಜಮಾ ಮಾಡದಿದ್ದರೆ ಇದರ ತಿರುವುಮುರುವು: ಜಾಗ ಬೇಕಾದಷ್ಟಿದ್ದರೂ ಮಿತಿ ಮುಟ್ಟಿತೆಂದು ಕರ್ನಲ್ ಸಂಪರ್ಕಗಳ ಕೈ ಹಿಡಿಯುತ್ತದೆ.

ಲೆಕ್ಕ ತಪ್ಪುವುದು ಹೆಚ್ಚಾಗಿ ಕೈ ಬದಲಾಗುವಲ್ಲಿ. ಪ್ಯಾಕೆಟ್ ಒಡೆಯುತ್ತದೆ, ಕೂಡಿಕೊಳ್ಳುತ್ತದೆ, ಬೇರೆ ಸಾಕೆಟ್ಟಿಗೆ ಹೋಗುತ್ತದೆ. 768 ಬೈಟು ಖರ್ಚು ಬರೆದ ಮೇಲೆ ಯಾರೋ ಅದರ ಟ್ರೂಸೈಜನ್ನು 512ಕ್ಕೆ ಇಳಿಸಿದರು ಎನ್ನಿ. ಬಿಡುಗಡೆಯ ಹೊತ್ತಿಗೆ 512 ಮಾತ್ರ ವಾಪಸು ಬರುತ್ತದೆ, 256 ಹಾಗೇ ನಿಂತುಬಿಡುತ್ತದೆ.

ಸಾಕೆಟ್ ಸಾಯುವಾಗ ಬಾಕಿ ಸೊನ್ನೆಯೇ ಎಂದು ಕರ್ನಲ್ ನೋಡುತ್ತದೆ, ಅಲ್ಲದಿದ್ದರೆ ಲಾಗಿನಲ್ಲಿ ಎಚ್ಚರಿಕೆ ಬರೆಯುತ್ತದೆ. ಆಗ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಎಚ್ಚರಿಕೆಯ ಬಾಯಿ ಮುಚ್ಚಿಸುವುದು, ಇಲ್ಲವೇ ಅಲ್ಲೇ ಸೊನ್ನೆ ಬರೆದುಬಿಡುವುದು. ಇದು ಗುಮಾಸ್ತನ ಹಳೆಯ ಕೈಚಳಕವೇ ಹೊರತು ದುರಸ್ತಿಯಲ್ಲ. ತಪ್ಪು ಆದದ್ದು ಬೇರೆಲ್ಲೋ, ಆ ಪ್ಯಾಕೆಟ್ ಎಂದೋ ಹೋಗಿಯಾಗಿದೆ. ಖರ್ಚು ಬಿದ್ದ, ಜಮಾ ಆದ ಪ್ರತಿ ಜಾಗವನ್ನೂ ತಾಳೆ ನೋಡುತ್ತ ಹಿಂದಕ್ಕೆ ನಡೆಯದೆ ಅದು ಸಿಗುವುದಿಲ್ಲ.

ಹಿಂಜವಡಿ, ಖರಾಡಿಯ ಕಚೇರಿಗಳಲ್ಲಿ ಇಂಥ ಕೆಲಸವನ್ನು ಅಳೆಯುವುದಾದರೆ ಕೋಡಿನ ಸಾಲು ಎಣಿಸಬಾರದು. ಹತ್ತು ದಿನದ ಹುಡುಕಾಟ ಎರಡು ಸಾಲಿನಲ್ಲಿ ಮುಗಿಯಬಹುದು. ಲಿನಕ್ಸಿಗೆ ಕಳಿಸುವ ಇಂಥ ಪ್ಯಾಚಿನಲ್ಲಿ ಕೋಡಿನ ಮೇಲೊಂದು ವಿವರಣೆ ಇರುತ್ತದೆ, ತಪ್ಪು ಮೊದಲು ಹೊಕ್ಕ ಹಳೆಯ ಬದಲಾವಣೆ ಯಾವುದೆಂದೂ ಅಲ್ಲಿ ಹೆಸರಿಸುತ್ತಾರೆ. ಅನೇಕ ಸಲ ಅದು ಕೋಡಿಗಿಂತ ಉದ್ದ. ಮ್ಯಾನೇಜರು ಓದಬೇಕಾದದ್ದು ಅದನ್ನು.