ಅಂತರರಾಷ್ಟ್ರೀಯ ಅಧ್ಯಯನ: ಹಲವು ಶಾಸ್ತ್ರಗಳ ಒಂದು ಪದವಿ

ಅಂತರರಾಷ್ಟ್ರೀಯ ಅಧ್ಯಯನಕ್ಕೆ ತನ್ನದೇ ಎನ್ನಬಹುದಾದ ಒಂದು ವಿಧಾನವಿಲ್ಲ. ರಸಾಯನಶಾಸ್ತ್ರಕ್ಕೆ ಪ್ರಯೋಗಾಲಯವಿದೆ, ಇತಿಹಾಸಕ್ಕೆ ದಾಖಲೆಗಳ ವಿಮರ್ಶೆಯಿದೆ, ಅರ್ಥಶಾಸ್ತ್ರಕ್ಕೆ ಲೆಕ್ಕಾಚಾರವಿದೆ. ಈ ವಿಷಯ ಹಲವು ಶಾಸ್ತ್ರಗಳಿಂದ ಎರವಲು ಪಡೆದೇ ನಿಂತಿದೆ. ರಾಜ್ಯಶಾಸ್ತ್ರ ವಿಭಾಗಗಳಲ್ಲಿ ಕಲಿಸುವ ಅಂತರರಾಷ್ಟ್ರೀಯ ಸಂಬಂಧಗಳು ಮುಖ್ಯವಾಗಿ ಸರ್ಕಾರಗಳ ನಡುವಣ ಯುದ್ಧ, ಒಪ್ಪಂದ, ರಾಜತಾಂತ್ರಿಕತೆಗಳನ್ನು ನೋಡುತ್ತವೆ. ಅಂತರರಾಷ್ಟ್ರೀಯ ಅಧ್ಯಯನವನ್ನು ಪದವಿಯ ಪ್ರಧಾನ ವಿಷಯವಾಗಿ ಆರಿಸಿಕೊಂಡವರು ಅದರೊಂದಿಗೆ ಇತಿಹಾಸ, ಅರ್ಥಶಾಸ್ತ್ರ, ಕಾನೂನು, ಭೂಗೋಳ, ಮಾನವಶಾಸ್ತ್ರಗಳಲ್ಲಿ ಕೆಲವನ್ನು, ಸಾಮಾನ್ಯವಾಗಿ ಒಂದು ವಿದೇಶಿ ಭಾಷೆಯನ್ನೂ ಓದಬೇಕಾಗುತ್ತದೆ. ಇಷ್ಟು ಕಡೆಗಳಿಂದ ತಂದದ್ದು ಒಂದು ವಿದ್ಯೆಯಾಗಿ ಕೂಡಿಕೊಳ್ಳುತ್ತದೆಯೇ, ಎಲ್ಲದರ ಮೇಲುಮೇಲಿನ ಪರಿಚಯವಾಗಿ ಉಳಿದುಬಿಡುತ್ತದೆಯೇ ಎಂಬುದು ಹಳೆಯ ಆಕ್ಷೇಪ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಈ ವಿಷಯ ವಿಶ್ವವಿದ್ಯಾಲಯದೊಳಗೆ ಬಂದದ್ದು ಯುದ್ಧದ ಬೆನ್ನಿಗೆ. ಮೊದಲನೆಯ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ವೇಲ್ಸ್‌ನ ಅಬರಿಸ್ಟ್‌ವಿತ್‌ನಲ್ಲಿ ಅಂತರರಾಷ್ಟ್ರೀಯ ರಾಜಕೀಯಕ್ಕೆಂದೇ ಒಂದು ಪೀಠ ಸ್ಥಾಪನೆಯಾಯಿತು. ಅದಕ್ಕೆ ದತ್ತಿ ಕೊಟ್ಟ ಡೇವಿಡ್ ಡೇವಿಸ್ ಆ ಯುದ್ಧದಲ್ಲಿ ಸೇನಾಧಿಕಾರಿಯಾಗಿದ್ದವರು. ಪೀಠದ ಮೊದಲ ಪ್ರಾಧ್ಯಾಪಕ ಆಲ್ಫ್ರೆಡ್ ಜಿಮರ್ನ್ ಪ್ರಾಚೀನ ಗ್ರೀಸಿನ ವಿದ್ವಾಂಸ. 1936ರಲ್ಲಿ ಅಲ್ಲಿಗೆ ಬಂದ ಇ. ಎಚ್. ಕಾರ್ ಬ್ರಿಟನ್ನಿನ ವಿದೇಶಾಂಗ ಇಲಾಖೆಯಲ್ಲಿ ದುಡಿದು, ಮುಂದೆ ಸೋವಿಯತ್ ರಷ್ಯಾದ ಇತಿಹಾಸಕಾರರೆಂದು ಹೆಸರಾದರು. ಬೇರೆ ಬೇರೆ ವಿದ್ಯೆಗಳಲ್ಲಿ ಪಳಗಿದವರು ಒಂದು ಪ್ರಶ್ನೆಯ ಸುತ್ತ ಸೇರುವುದು ಹೀಗೆ ಆರಂಭದಿಂದಲೂ ಈ ವಿಷಯದ ಸ್ವಭಾವ.

ಎರಡನೆಯ ತಿರುವೂ ಭಯದಿಂದಲೇ ಬಂತು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಮರುವರ್ಷ ಅಮೆರಿಕ ತಂದ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯಡಿ ವಿದೇಶಿ ಭಾಷೆಗಳ ಕಲಿಕೆಗೂ ಪ್ರದೇಶಾಧ್ಯಯನ ಕೇಂದ್ರಗಳಿಗೂ ಸರ್ಕಾರದ ಹಣ ಹರಿಯಿತು. ಹಣದ ಉದ್ದೇಶ ಶೀತಲ ಸಮರದ್ದಾದರೂ, ಒಂದು ನಾಡನ್ನು ತಿಳಿಯಲು ಅಲ್ಲಿನ ಜನರ ಮಾತು ಬರಬೇಕೆಂಬ ವಿವೇಕ ಅದರಿಂದ ಬೇರೂರಿತು. ಭಾರತ ಇದಕ್ಕೂ ಮೊದಲೇ ಹೆಜ್ಜೆ ಇಟ್ಟಿತ್ತು. 1955ರಲ್ಲಿ ದೆಹಲಿಯ ಸಪ್ರು ಹೌಸ್‌ನಲ್ಲಿ ಇಂಡಿಯನ್ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್ ಶುರುವಾಗಿ, 1970ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದೊಳಗೆ ಸೇರಿತು.

ಹಲವು ಶಾಸ್ತ್ರಗಳು ಏಕೆ ಬೇಕೆಂಬುದು ಪಠ್ಯಕ್ರಮದ ಪಟ್ಟಿಯಿಂದ ತಿಳಿಯುವುದಿಲ್ಲ, ಒಂದು ಪ್ರಶ್ನೆಯನ್ನು ಬೆನ್ನಟ್ಟಿದಾಗ ತಿಳಿಯುತ್ತದೆ. ಚಿಕ್ಕಮಗಳೂರು, ಕೊಡಗಿನ ಬೆಳೆಗಾರನಿಗೆ ಸಿಗುವ ಕಾಫಿ ಬೆಲೆಯನ್ನೇ ತೆಗೆದುಕೊಳ್ಳಬಹುದು. ಅರೇಬಿಕಾದ ದರಕ್ಕೆ ನ್ಯೂಯಾರ್ಕಿನ ಮಾರುಕಟ್ಟೆ, ರೊಬಸ್ಟಾದ ದರಕ್ಕೆ ಲಂಡನ್ನಿನ ಮಾರುಕಟ್ಟೆ ಆಧಾರ. ಇದನ್ನು ಅರ್ಥಶಾಸ್ತ್ರ ಹೇಳಿಕೊಡುತ್ತದೆ. 1975ರ ಜುಲೈಯಲ್ಲಿ ಬ್ರೆಜಿಲ್‌ನ ಪರಾನಾ ರಾಜ್ಯದಲ್ಲಿ ಹಿಮ ಬಿದ್ದು ಕಾಫಿ ಗಿಡಗಳು ಸುಟ್ಟುಹೋದವು, ಮುಂದಿನ ಎರಡು ವರ್ಷ ಲೋಕದಾದ್ಯಂತ ಬೆಲೆ ಏರಿತು. ಇಲ್ಲಿ ಹವಾಮಾನ ಬಲ್ಲವರ ಮಾತು ಬೇಕು. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಪ್ರತಿ ದೇಶದ ರಫ್ತಿಗೆ ಕೋಟಾ ಕಟ್ಟಿ ಬೆಲೆ ಕುಸಿಯದಂತೆ ನೋಡಿಕೊಂಡಿತು. ಕೊಳ್ಳುವ ದೇಶವಾದ ಅಮೆರಿಕ ಹೆಚ್ಚು ಬೆಲೆ ತೆರುವ ಈ ಏರ್ಪಾಟಿಗೆ ಏಕೆ ಒಪ್ಪಿತು? ಕ್ಯೂಬಾದ ಕ್ರಾಂತಿಯ ನಂತರ, ಕಾಫಿ ಬೆಳೆಯುವ ಬಡ ಲ್ಯಾಟಿನ್ ಅಮೆರಿಕ ಕಮ್ಯುನಿಸಂ ಕಡೆ ವಾಲೀತೆಂಬ ಅಂಜಿಕೆ ಅದಕ್ಕಿತ್ತು. ಬೆಲೆಯ ಸೂತ್ರಗಳಲ್ಲಿ ಈ ಉತ್ತರ ಸಿಗದು, ರಾಜಕೀಯ ಇತಿಹಾಸವನ್ನೇ ಕೇಳಬೇಕು.

1989ರಲ್ಲಿ ಕೋಟಾ ಪದ್ಧತಿ ಮುರಿದುಬಿತ್ತು. ಎರಡು ವರ್ಷಗಳಲ್ಲಿ, ರೂಪಾಯಿ ವ್ಯಾಪಾರದ ಮೂಲಕ ಭಾರತದ ಕಾಫಿಯನ್ನು ಭಾರಿ ಪ್ರಮಾಣದಲ್ಲಿ ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಬೆಳೆಯನ್ನೆಲ್ಲ ಕಾಫಿ ಮಂಡಳಿಗೇ ಒಪ್ಪಿಸಬೇಕೆಂಬ ಕಟ್ಟಳೆ 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಿ, ಬೆಳೆಗಾರ ನೇರವಾಗಿ ಮಾರುಕಟ್ಟೆಗೆ ಬಂದ. ಅದೇ ದಶಕದಲ್ಲಿ, 1986ರ ಆರ್ಥಿಕ ಸುಧಾರಣೆಯ ಬಲದಿಂದ ವಿಯೆಟ್ನಾಂ ರೊಬಸ್ಟಾ ಬೆಳೆದು ಬ್ರೆಜಿಲ್‌ನ ನಂತರದ ಸ್ಥಾನಕ್ಕೇರಿತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಬೆಲೆ ನೆಲ ಕಚ್ಚಿ ಮಲೆನಾಡಿನ ತೋಟಗಳು ಸಾಲದಲ್ಲಿ ನರಳಿದವು. ಈಗ ಐರೋಪ್ಯ ಒಕ್ಕೂಟದ 2023ರ ನಿಯಮವೊಂದು, 2020ರ ಕೊನೆಯ ನಂತರ ಕಾಡು ಕಡಿದ ನೆಲದ ಕಾಫಿ ತನ್ನ ಮಾರುಕಟ್ಟೆಗೆ ಬರಕೂಡದು ಎನ್ನುತ್ತದೆ. ಅದರ ಜಾರಿಯನ್ನು ಮುಂದೂಡುತ್ತ ಬರಲಾಗಿದೆಯಾದರೂ, ಯುರೋಪಿನ ಕಾನೂನು ಸಕಲೇಶಪುರದ ಸಣ್ಣ ಹಿಡುವಳಿಯ ಅಕ್ಷಾಂಶ ರೇಖಾಂಶಗಳನ್ನು ಕೇಳುವ ಕಾಲ ಬಂದಿದೆ. ಈ ಸರಪಳಿಯ ಒಂದೊಂದು ಕೊಂಡಿಯೂ ಒಂದೊಂದು ವಿಭಾಗದ ವಶದಲ್ಲಿದೆ. ಪೂರ್ತಿ ಸರಪಳಿಯನ್ನು ನೋಡುವ ಹೊಣೆ ಯಾವ ವಿಭಾಗದ್ದೂ ಅಲ್ಲ. ಅಂತರಶಿಸ್ತೀಯ ಪದವಿಯ ಅಗತ್ಯ ಇರುವುದು ಇಲ್ಲಿ.

ಅಗತ್ಯವಿದೆ ಎಂದಮಾತ್ರಕ್ಕೆ ಪದವಿ ಗಟ್ಟಿಯಾಗುವುದಿಲ್ಲ. ಪ್ರತಿ ಶಾಸ್ತ್ರದ ಪ್ರವೇಶಿಕೆಯನ್ನಷ್ಟೇ ಓದಿ ಮುಂದೆ ಸಾಗಿದವರು ಕೋಟಾ, ನಿರ್ಬಂಧ, ಸಾರ್ವಭೌಮತ್ವ ಎಂಬ ಪದಗಳನ್ನು ಸರಾಗವಾಗಿ ಬಳಸಿಯಾರು. ಒಂದು ಅಂಕಿಪಟ್ಟಿಯನ್ನಾಗಲಿ ಒಂದು ಒಪ್ಪಂದದ ಕಲಮನ್ನಾಗಲಿ ಸ್ವತಃ ಪರೀಕ್ಷಿಸಲಾರರು. ಆದ್ದರಿಂದ ಯಾವುದಾದರೂ ಒಂದು ಶಾಸ್ತ್ರದಲ್ಲಿ ಪ್ರವೇಶಿಕೆಯನ್ನು ದಾಟಿ ಅದರ ವಿಧಾನ ಕೈಗೂಡುವವರೆಗೆ ಓದುವುದು ಕಡ್ಡಾಯವಾಗಬೇಕು. ಭಾಷೆಯ ವಿಚಾರದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ಎರಡು ಸೆಮಿಸ್ಟರ್ ಸ್ಪ್ಯಾನಿಷ್ ಕಲಿತವರಿಗೆ ಊಟ ಕೇಳಲು ಬಂದೀತು, ಕೊಲಂಬಿಯಾದ ಪತ್ರಿಕೆಯ ಸಂಪಾದಕೀಯ ಅರ್ಥವಾಗದು. ಇಂಗ್ಲಿಷೊಂದರಿಂದಲೇ ಲೋಕವನ್ನು ಓದುವವರಿಗೆ, ಇಂಗ್ಲಿಷಿನಲ್ಲಿ ಬರೆಯುವವರು ಮುಖ್ಯವೆಂದು ಕಂಡದ್ದಷ್ಟೇ ತಲುಪುತ್ತದೆ.

ಸಿದ್ಧಾಂತಗಳಲ್ಲೂ ಇದೇ ತೊಡಕು. ಅಂತರರಾಷ್ಟ್ರೀಯ ಸಂಬಂಧಗಳ ಶಾಸ್ತ್ರ ಅಮೆರಿಕದ ಸಮಾಜವಿಜ್ಞಾನವಾಗಿಬಿಟ್ಟಿದೆ ಎಂದು ಸ್ಟ್ಯಾನ್ಲಿ ಹಾಫ್‌ಮನ್ 1977ರಲ್ಲೇ ವಾದಿಸಿದ್ದರು. ಹೊರಗೆ ಬೇರೆ ಮೂಲಗಳಿಲ್ಲದೆ ಇಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು 1905ರಲ್ಲಿ, ಅಚ್ಚು ಹಾಕಿಸಿದ್ದು 1909ರಲ್ಲಿ, ಅಬರಿಸ್ಟ್‌ವಿತ್‌ನ ಪೀಠಕ್ಕಿಂತ ಹತ್ತು ವರ್ಷ ಮೊದಲು. ನೆರೆಯ ರಾಜ್ಯಗಳ ವರ್ತನೆಯನ್ನು ವಿವರಿಸುವ ಅದರ ಮಂಡಲ ಸಿದ್ಧಾಂತವನ್ನು ಹೆಮ್ಮೆಯ ಉಲ್ಲೇಖವಾಗಿ ಬಳಸಿದರೆ ಪ್ರಯೋಜನವಿಲ್ಲ. ಥೂಸಿಡಿಡಿಸ್, ಮ್ಯಾಕಿಯವೆಲ್ಲಿಯರನ್ನು ಓದುವಷ್ಟೇ ವಿಮರ್ಶೆಯಿಂದ ತರಗತಿಯಲ್ಲಿ ಓದಿಸಬೇಕು.

ಭಾರತದಲ್ಲಿ ಈ ಓದು ಬಹುಕಾಲ ಸ್ನಾತಕೋತ್ತರ ಮಟ್ಟದಲ್ಲೇ ಹೆಚ್ಚಾಗಿ ನಡೆದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಹುಶಿಸ್ತೀಯ ಪದವಿಗೂ ನಾಲ್ಕನೆಯ ವರ್ಷದ ಸಂಶೋಧನೆಗೂ ದಾರಿ ತೆರೆದ ಮೇಲೆ ಪದವಿ ಕಾಲೇಜುಗಳೂ ಇದನ್ನು ಯೋಚಿಸಬಹುದು. ಎಲ್ಲ ಖಂಡಗಳನ್ನೂ ಕಲಿಸಲು ಹೊರಡುವ ಬದಲು, ತನ್ನ ಸುತ್ತಿನ ಜನರಿಗೆ ನಿಜವಾದ ನಂಟಿರುವ ಒಂದು ಪ್ರದೇಶವನ್ನು ಆರಿಸಿಕೊಳ್ಳುವುದು ಕಾಲೇಜಿಗೆ ಒಳ್ಳೆಯದು. ಕರಾವಳಿಯ ಕಾಲೇಜಿಗೆ ಕೊಲ್ಲಿ ರಾಷ್ಟ್ರಗಳಿವೆ. ದಕ್ಷಿಣ ಕನ್ನಡ, ಉಡುಪಿ, ಭಟ್ಕಳದ ಮನೆಮನೆಗಳಿಂದ ದಶಕಗಳ ಕಾಲ ಜನ ಅಲ್ಲಿಗೆ ದುಡಿಯಲು ಹೋಗಿದ್ದಾರೆ, ಅರಬ್ಬಿ ಕಲಿಸುವ ಪರಂಪರೆಯೂ ಈ ಭಾಗದಲ್ಲಿದೆ. ಪ್ರಾಯೋಜಕನಿಗೆ ಕೆಲಸಗಾರನನ್ನು ಕಟ್ಟಿಹಾಕುವ ಕಫಾಲಾ ಪದ್ಧತಿಯನ್ನು ಕಾನೂನಿನ ಅಧ್ಯಾಪಕರೂ, ಊರಿಗೆ ಬರುವ ಹಣದ ಲೆಕ್ಕವನ್ನು ಅರ್ಥಶಾಸ್ತ್ರದವರೂ, ಅರಬ್ಬಿ ಕಡಲಿನ ಹಳೆಯ ವ್ಯಾಪಾರವನ್ನು ಇತಿಹಾಸದವರೂ ಕಲಿಸಬಲ್ಲರು. ಕೊನೆಯ ವರ್ಷದ ಪ್ರಬಂಧಕ್ಕೆ ಬೇರೆ ಬೇರೆ ವಿಭಾಗಗಳ ಇಬ್ಬರು ಮಾರ್ಗದರ್ಶಕರಿದ್ದು, ಅರಬ್ಬಿ ಮೂಲದ ಆಧಾರಗಳನ್ನು ವಿದ್ಯಾರ್ಥಿ ತಾನೇ ಓದಿ ಬಳಸಬೇಕೆಂಬ ನಿಯಮವಿಟ್ಟರೆ, ಈ ಶಾಸ್ತ್ರಗಳು ಒಬ್ಬರ ಕೆಲಸದಲ್ಲೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.